ಓಕ್ ಪೆಟ್ಟಿಗೆಯ ಹಲಗೆ ಸೀಳಿದಾಗ: ಅಂಟು ಹಚ್ಚುವ ಮೊದಲು ನೋಡಬೇಕಾದ್ದು

ದೋಷ ಸಾಮಾನ್ಯವಾಗಿ ಹೀಗಿರುತ್ತದೆ. 17ನೇ ಶತಮಾನದ ಇಂಗ್ಲಿಷ್ ಓಕ್ ಪೆಟ್ಟಿಗೆ. ಮುಂದೆ ಮೂರು ಕೆತ್ತನೆ ಹಲಗೆ, ಸುತ್ತ ದಪ್ಪ ಚೌಕಟ್ಟು, ಮೇಲೆ ಎತ್ತಿ ತೆಗೆಯುವ ಮುಚ್ಚಳ. ಮುನ್ನೂರಕ್ಕೂ ಹೆಚ್ಚು ವರ್ಷ ತನ್ನ ಪಾಡಿಗೆ ತಾನು ನಿಂತಿರುತ್ತದೆ. ನಿಮ್ಮ ಮನೆಗೆ ಬಂದ ಮೊದಲ ಚಳಿಗಾಲದಲ್ಲೇ ನಡುವಿನ ಹಲಗೆ ಮೇಲಿಂದ ಕೆಳಗೆ ಸೀಳುತ್ತದೆ. ಕೆಲವು ಮನೆಗಳಲ್ಲಿ ನಡುರಾತ್ರಿ ಢಬ್ ಅಂತ ಸದ್ದೂ ಕೇಳಿರುತ್ತದೆ.

ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲೂ ಇಂಥ ಪೆಟ್ಟಿಗೆ ಕಾಣಿಸುತ್ತವೆ. ಹಳೆಯ ಕಂದು ಮರದ ಸಾಮಾನಿಗೆ ಹರಾಜಿನಲ್ಲಿ ಮೊದಲಿದ್ದ ಬೆಲೆ ಈಗಿಲ್ಲ. ಒಂದು ಹೊಸ ಸೋಫಾದ ದುಡ್ಡಿನಲ್ಲಿ ಚೆನ್ನಾದ ಕೆತ್ತನೆ ಪೆಟ್ಟಿಗೆ ಸಿಕ್ಕೀತು. ಸೀಳಿದ ಮೇಲೆ ಎಲ್ಲರೂ ಕೇಳುವುದು ಒಂದೇ: "ಯಾವ ಅಂಟು ಹಾಕಲಿ?" ಆ ಪ್ರಶ್ನೆ ಕೊನೆಗೆ ಬರಲಿ. ಹಲಗೆಯನ್ನು ಅಲುಗದ ಹಾಗೆ ಕಟ್ಟಿಹಾಕಿದ್ದು ಏನು, ಎಲ್ಲಿ ಅನ್ನುವುದು ಮೊದಲು ಗೊತ್ತಾಗಬೇಕು. ನನ್ನ ಕೆಲಸದ ಮೇಜಿಗೆ ಬರುವ ಸೀಳು ಹಲಗೆಗಳಲ್ಲಿ ಬಹುಪಾಲಿಗೆ ಕಾರಣ, ಹಿಂದೆ ಯಾರೋ ಒಳ್ಳೆ ಮನಸ್ಸಿನಿಂದ ಮಾಡಿದ ರಿಪೇರಿ.

ಪೆಟ್ಟಿಗೆ ಯಾವ ಜಾತಿಯದು?

ಮುಚ್ಚಳ ಎತ್ತಿ ಒಳಗೆ ಟಾರ್ಚ್ ಬಿಡಿ. ಆರು ದೊಡ್ಡ ಹಲಗೆಗಳನ್ನು ಕಬ್ಬಿಣದ ಮೊಳೆ ಹೊಡೆದು ಸೇರಿಸಿದ್ದರೆ ಅದು ಒಂದು ಜಾತಿ. ಚೌಕಟ್ಟು ಕಟ್ಟಿ, ಅದರೊಳಗೆ ಸಣ್ಣ ಹಲಗೆ ಕೂರಿಸಿದ್ದರೆ ಇನ್ನೊಂದು ಜಾತಿ. ಲಂಡನ್‌ನಲ್ಲಿ ಈ ಎರಡು ಕೆಲಸಕ್ಕೆ ಎರಡು ಸಂಘಗಳೇ ಇದ್ದವು. ಜಾಯಿನರ್‌ಗಳ ಸಂಘಕ್ಕೆ 1571ರಲ್ಲಿ ಒಂದನೇ ಎಲಿಜಬೆತ್ ರಾಣಿ ಸನ್ನದು ಕೊಟ್ಟಿದ್ದಳು. ಆಮೇಲೆ ಕಾರ್ಪೆಂಟರ್‌ಗಳ ಜೊತೆ ಜಗಳ ಬಿದ್ದು, 1632ರಲ್ಲಿ ಆಲ್ಡರ್‌ಮನ್‌ಗಳ, ಅಂದರೆ ನಗರಾಡಳಿತದ ಹಿರಿಯ ಸದಸ್ಯರ, ಮುಂದೆ ತೀರ್ಮಾನವಾಯಿತು. ನಾಲಿಗೆ-ತೂತು ಕೂರಿಸಿ ಮಾಡುವ ಜೋಡಣೆ, ಅಂಟು, ಕೆತ್ತನೆ ಇವೆಲ್ಲ ಜಾಯಿನರ್‌ಗಳಿಗೆ. ಹಲಗೆ ಬಡಿದು ಮೊಳೆ ಹೊಡೆಯುವ ಕೆಲಸ ಕಾರ್ಪೆಂಟರ್‌ಗಳಿಗೆ. ಕಸುಬಿನವರ ಜಗಳ ಎಲ್ಲ ಊರಲ್ಲೂ ಒಂದೇ ತರಹ, ಅಲ್ವಾ.

ಮೊಳೆ ಹೊಡೆದ ಪೆಟ್ಟಿಗೆಯಲ್ಲಿ ಸೀಳು ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಮುಂದಿನ ಹಲಗೆಯ ಎಳೆ ಅಡ್ಡಕ್ಕೆ, ಪಕ್ಕದ ಹಲಗೆಯ ಎಳೆ ಉದ್ದಕ್ಕೆ. ಎರಡನ್ನೂ ಮೊಳೆ ಬಿಗಿಹಿಡಿದಿದೆ. ಇಂಥದ್ದು ಎಂದೋ ಸೀಳಿರುತ್ತದೆ, ಹಾಗೇ ಬಾಳುತ್ತದೆ.

ಚೌಕಟ್ಟಿನ ಪೆಟ್ಟಿಗೆಯ ಕಥೆ ಬೇರೆ. ಅದು ಸೀಳಬಾರದು. ಸೀಳದಿರಲಿ ಅಂತಲೇ ಅದನ್ನು ಹಾಗೆ ಮಾಡಿರುವುದು.

ಮಾಡಿದ ರೀತಿ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು

ಆ ಕಾಲದ ಜಾಯಿನರ್ ಹಸಿ ಓಕ್ ದಿಮ್ಮಿಯನ್ನು ಗರಗಸದಿಂದ ಕೊಯ್ಯುವುದಕ್ಕಿಂತ ಸೀಳುವುದೇ ಜಾಸ್ತಿ. ಬೆಣೆ ಹೊಡೆದು ಅರ್ಧ, ಕಾಲು, ಅರೆಕಾಲು ಮಾಡುತ್ತಿದ್ದ. ಆಮೇಲೆ ಫ್ರೋ ಎಂಬ ಉದ್ದ ಅಲಗಿನ ಹತಾರ ಇಟ್ಟು, ಮರದ ಕೊಡತಿಯಿಂದ ಹೊಡೆದು ಹಲಗೆ ಬಿಡಿಸುತ್ತಿದ್ದ. ಹೀಗೆ ಬಂದ ಹಲಗೆ ಕಲ್ಲಂಗಡಿ ಹೋಳಿನ ಹಾಗೆ ಒಂದು ಅಂಚಿಗೆ ದಪ್ಪ, ಇನ್ನೊಂದು ಅಂಚಿಗೆ ತೆಳು. ಅದರ ಮುಖದ ಮೇಲೆ ಬೆಳ್ಳಿಯಂಥ ಮಿಂಚು ಪಟ್ಟೆಗಳು ಕಾಣುತ್ತವೆ. ಮರದ ನಡುವಿನಿಂದ ತೊಗಟೆಯ ಕಡೆಗೆ ಹೋಗುವ ಕಿರಣಗಳು ಅವು. ಎಳೆ ಎಲ್ಲೂ ತುಂಡಾಗಿಲ್ಲದ ಕಾರಣ ಹಲಗೆ ತುಂಬ ಗಟ್ಟಿ. ಕೆತ್ತನೆಯೂ ಮರ ಇನ್ನೂ ಹಸಿ ಇರುವಾಗಲೇ ಆಗುತ್ತಿತ್ತು. ಒಣಗಿದ ಓಕ್‌ಗೆ ಉಳಿ ಇಟ್ಟು ನೋಡಿದವರಿಗೆ ಅದು ಯಾಕೆ ಅಂತ ಹೇಳಬೇಕಾಗಿಲ್ಲ.

ಚೌಕಟ್ಟಿನ ಮೂಲೆಗಳಲ್ಲಿ ಒಂದು ಕಟ್ಟಿಗೆಯ ನಾಲಿಗೆ ಇನ್ನೊಂದರ ತೂತಿನೊಳಗೆ ಕೂತಿರುತ್ತದೆ. ಅಡ್ಡಲಾಗಿ ಮರದ ಮೊಳೆ. ನಾಲಿಗೆಯ ತೂತು ಮತ್ತು ಕಂಬದ ತೂತು ಬೇಕಂತಲೇ ಒಂಚೂರು ಆಚೀಚೆ ಇರುತ್ತವೆ. ಮೊಳೆ ಹೊಡೆದಾಗ ಅದು ಒಳಗೆ ಬಾಗುತ್ತ ಜೋಡಣೆಯನ್ನು ಬಿಗಿಯಾಗಿ ಎಳೆಯುತ್ತದೆ. ಅಂಟಿನ ಹಂಗೇ ಇಲ್ಲ. ಕೆತ್ತನೆ ಹಲಗೆಗೂ ಅಂಟಿಲ್ಲ, ಮೊಳೆಯಿಲ್ಲ. ಚೌಕಟ್ಟಿನ ತೋಡಿನಲ್ಲಿ ಸುಮ್ನೆ ಕೂತಿರುತ್ತದೆ. ಒಣಗಿದರೆ ತೋಡಿನೊಳಗೇ ಕುಗ್ಗುತ್ತದೆ, ತೇವ ಬಂದರೆ ಅಲ್ಲೇ ಹಿಗ್ಗುತ್ತದೆ. ಚೌಕಟ್ಟಿಗೆ ಅದರ ಗೊಡವೆಯಿಲ್ಲ.

ಎಷ್ಟು ಕುಗ್ಗುತ್ತದೆ? 30 ಸೆಂಟಿಮೀಟರ್ ಅಗಲದ ಹಲಗೆ ತೆಗೆದುಕೊಳ್ಳಿ. ಗಾಳಿಯಲ್ಲಿ ತೇವಾಂಶ ಶೇ. 65 ಇರುವ ಮನೆಯಿಂದ ಶೇ. 35ಕ್ಕೆ ಇಳಿದ ಮನೆಗೆ ಅದು ಬಂದರೆ, ಮರದೊಳಗಿನ ನೀರು ಸುಮಾರು ಶೇ. 12ರಿಂದ 7ಕ್ಕೆ ಇಳಿಯುತ್ತದೆ. ಸೀಳಿ ತೆಗೆದ ಹಲಗೆಯಾದರೆ ಎರಡೂವರೆ ಮಿಲಿಮೀಟರ್ ಚಿಲ್ಲರೆ ಕುಗ್ಗುತ್ತದೆ. ದಿಮ್ಮಿಯನ್ನು ಚಪ್ಪಟೆಯಾಗಿ ಕೊಯ್ದು ತೆಗೆದ ಹಲಗೆಯಾದರೆ ಹೆಚ್ಚುಕಡಿಮೆ ಅದರ ಎರಡರಷ್ಟು. ಉದ್ದದಲ್ಲಿ ಮಾತ್ರ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಹೊರಗೆ ಹಿಮ ಬೀಳುವಾಗ ಒಳಗೆ ಹೀಟರ್ ಹಾಕಿಕೊಂಡು ಕೂರುವ ಮನೆಗಳಲ್ಲಿ ಶೇ. 35 ದೊಡ್ಡ ಮಾತಲ್ಲ. ಪೆಟ್ಟಿಗೆ ಹುಟ್ಟಿದ್ದು ಒಲೆಯೊಂದೇ ಇದ್ದ, ತಣ್ಣಗಿನ, ತೇವದ ಮನೆಗಳಿಗೆ.

ಆ ಎರಡೂವರೆ ಮಿಲಿಮೀಟರ್ ಎಲ್ಲಿಂದಾದರೂ ಬರಲೇಬೇಕು. ಹಲಗೆಯ ಅಂಚುಗಳು ಬಿಡುವಾಗಿದ್ದರೆ ತೋಡಿನಿಂದ ಬರುತ್ತದೆ. ಅಂಚನ್ನು ಯಾರೋ ಹಿಡಿದಿಟ್ಟಿದ್ದರೆ ಹಲಗೆಯ ನಡುವಿನಿಂದ ಬರುತ್ತದೆ. ಅದೇ ಸೀಳು.

ಪರೀಕ್ಷೆ: ಬಿರುಕನ್ನು ಬಿಟ್ಟು ಅಂಚು ನೋಡಿ

ಮೊದಲು ಬಿರುಕು ಹಳೆಯದೋ ಹೊಸದೋ ತಿಳಿಯಿರಿ. ಭೂತಗನ್ನಡಿ ಹಿಡಿದು ಬಿರುಕಿನ ಒಳಗೋಡೆ ನೋಡಿ. ಕಪ್ಪಗೆ, ಧೂಳು ಮೇಣ ತುಂಬಿಕೊಂಡಿದ್ದರೆ ಹಳೆಯದು. ಬೆಣ್ಣೆ ಬಣ್ಣದ ಹಸಿ ಮರ ಕಂಡರೆ ಹೊಸದು. ಹೊರಗಡೆ ಕಪ್ಪು, ತುದಿಯಲ್ಲಿ ಮಾತ್ರ ತಿಳಿ ಬಣ್ಣ ಇದ್ದರೆ ಹಳೆಯ ಬಿರುಕು ಈಗ ಮುಂದಕ್ಕೆ ಓಡುತ್ತಿದೆ. ತುದಿಯಲ್ಲಿ ಪೆನ್ಸಿಲ್‌ನಿಂದ ತೆಳುವಾಗಿ ಒಂದು ಗೆರೆ ಹಾಕಿ, ಪಕ್ಕದಲ್ಲಿ ತಿಂಗಳು ಬರೆದಿಡಿ. ಹಲಗೆಯ ಹಿಂಬದಿಯಲ್ಲಿ, ಮುಂದೆ ಅಲ್ಲ.

ಆಮೇಲೆ ಅಂಚು. ಇದು ಎಲ್ಲಕ್ಕಿಂತ ಮುಖ್ಯ. ಹಲಗೆ ಚೌಕಟ್ಟಿನೊಳಗೆ ಹೋಗುವ ಗೆರೆಯನ್ನು ಎಡಕ್ಕೂ ಬಲಕ್ಕೂ ಪಕ್ಕದಿಂದ ಟಾರ್ಚ್ ಹಿಡಿದು ನೋಡಿ. ಆರೋಗ್ಯವಾಗಿರುವ ಹಲಗೆಗೆ ಅಲ್ಲಿ ಕೂದಲೆಳೆ ದಪ್ಪದಿಂದ ಒಂದೆರಡು ಮಿಲಿಮೀಟರ್‌ವರೆಗೆ ತಿಳಿ ಬಣ್ಣದ ಪಟ್ಟಿ ಇರುತ್ತದೆ. ಮೊದಲು ತೋಡಿನೊಳಗೆ ಅಡಗಿದ್ದ ಮರ ಅದು. ಮೇಣ, ಹೊಗೆ, ಬೆಳಕು ಅದಕ್ಕೆ ತಾಕಿಲ್ಲ. ಹಲಗೆ ಕುಗ್ಗಿದಾಗ ಹೊರಗೆ ಬಂದಿದೆ. ಆ ಪಟ್ಟಿ ಕಂಡರೆ ಹಲಗೆ ಬಿಡುವಾಗಿದೆ ಎಂದು ಅರ್ಥ. ಸೀಳಿದ ಹಲಗೆಗೆ ಎರಡೂ ಕಡೆ ಅದು ಇಲ್ಲ, ಪಕ್ಕದ ಎರಡು ಹಲಗೆಗಳಿಗೆ ಇದೆ ಅಂದರೆ, ಅಪರಾಧಿ ಸಿಕ್ಕಿದ ಹಾಗೆ. ಒಂದು ಹಳೆ ವಿಸಿಟಿಂಗ್ ಕಾರ್ಡನ್ನು ಅಂಚಿನ ಸಂದಿಗೆ ತೂರಿಸಿ ಎಳೆಯಿರಿ. ಎಲ್ಲಿ ತಡೆಯುತ್ತದೋ ಅಲ್ಲಿ ಅಂಟು, ಪುಟ್ಟಿ ಅಥವಾ ಮೊಳೆ ಇದೆ.

ಲೆಸ್ಟರ್ ಹತ್ತಿರದ ಒಂದು ಮನೆಯ ಪೆಟ್ಟಿಗೆಯಲ್ಲಿ ಇದು ಪಾಠದ ಹಾಗೆ ಕಂಡಿತು. ಮನೆಯಾಕೆ ಧಾರವಾಡದ ಕಡೆಯವರು. "ನಾವೇನೂ ಮಾಡಿಲ್ರೀ, ತಾನ ಸೀಳೇತಿ" ಅಂದರು. ಅವರು ಹೇಳಿದ್ದು ನಿಜ. ಒಳಗೆ ಕೈಬಿಟ್ಟರೆ ನಡುವಿನ ಹಲಗೆಯ ಬೆನ್ನಿಗೆ ಮೂರು ಪೈನ್ ಪಟ್ಟಿಗಳು ಅಡ್ಡಲಾಗಿ ಬಡಿದಿದ್ದವು. ಮೊಳೆ ಸಾಲದು ಅಂತ ಅಂಟನ್ನೂ ಧಾರಾಳವಾಗಿ ಸುರಿದಿದ್ದರು. ಪಟ್ಟಿಯ ಮೇಲೆ ಬಿಲ್ಲಿನಂತೆ ಬಾಗಿದ ಗರಗಸದ ಗುರುತು ಇತ್ತು. ಅಂದರೆ ಚಕ್ರದ ಗರಗಸದಿಂದ ಕೊಯ್ದ ಮರ, 19ನೇ ಶತಮಾನಕ್ಕೆ ಹಿಂದಿನದಲ್ಲ. ಯಾರೋ ಒಂದು ಕಾಲದಲ್ಲಿ ಸಣ್ಣ ಬಿರುಕು ಕಂಡು, ಹಲಗೆ ಗಟ್ಟಿಯಾಗಲಿ ಅಂತ ಪಟ್ಟಿ ಬಡಿದಿದ್ದಾರೆ. ಪಟ್ಟಿಯ ಉದ್ದ ಕುಗ್ಗುವುದಿಲ್ಲ, ಹಲಗೆಯ ಅಗಲ ಕುಗ್ಗುತ್ತದೆ. ತಣ್ಣನೆಯ ಮನೆಯಲ್ಲಿ ನಡೆದುಹೋಯಿತು. ಹೀಟರ್ ಇರುವ ಮನೆಯಲ್ಲಿ ನಡೆಯಲಿಲ್ಲ.

ಹಿಂಬದಿಯಲ್ಲಿ ಪಟ್ಟಿ ಇಲ್ಲದಿದ್ದರೆ ಇನ್ನೂ ಮೂರು ಕಡೆ ಹುಡುಕಿ. ಒಂದು, ತೋಡಿನೊಳಗೆ ತುರುಕಿದ ಪುಟ್ಟಿ. ಹಲಗೆ ಗಡಗಡ ಅನ್ನುತ್ತದೆ ಅಂತ ಜನ ಹಾಗೆ ಮಾಡುತ್ತಾರೆ. ಗಡಗಡ ಅನ್ನುವುದೇ ಅದರ ಆರೋಗ್ಯ. ಎರಡು, ದಪ್ಪ ವಾರ್ನಿಷ್. ಚೌಕಟ್ಟು ಮತ್ತು ಹಲಗೆಯ ನಡುವಿನ ಸಂದಿಯಲ್ಲಿ ಅದು ಹರಿದು ಒಣಗಿ ಅಂಟಿನ ಕೆಲಸ ಮಾಡುತ್ತದೆ. ಮೂರು, ಹಳೆಯ ಬಿರುಕಿಗೆ ಒತ್ತಿ ತುಂಬಿದ ಗಟ್ಟಿ ಫಿಲ್ಲರ್. ಇದು ಮೋಸದ್ದು. ಒಣ ಕಾಲದಲ್ಲಿ ಬಿರುಕು ಅಗಲವಾಗಿರುವಾಗ ತುಂಬುತ್ತಾರೆ. ತೇವ ಬಂದಾಗ ಮರ ಹಿಗ್ಗಲು ಹೋಗುತ್ತದೆ, ನಡುವೆ ಫಿಲ್ಲರ್ ಕಲ್ಲಿನಂತೆ ಕೂತಿದೆ. ಮರದ ಎಳೆಗಳೇ ಜಜ್ಜಿಹೋಗುತ್ತವೆ. ಮತ್ತೆ ಒಣಗಿದಾಗ ಬಿರುಕು ಮೊದಲಿಗಿಂತ ಅಗಲ, ಇಲ್ಲವೇ ಪಕ್ಕದಲ್ಲೇ ಇನ್ನೊಂದು.

ಅಂಟು ಇದೆಯೋ ಇಲ್ಲವೋ ಅನುಮಾನವಿದ್ದರೆ ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ಸಾಕು. ಕತ್ತಲೆಯಲ್ಲಿ ಹಿಡಿದರೆ ಮರವಜ್ರ (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಹಳೆಯ ಅಂಟು) ನೀಲಿ ಮಿಶ್ರಿತ ಬಿಳಿಯಾಗಿ, ಅರಗಿನ ಪಾಲಿಶ್ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತವೆ. ಅಂಚಿನ ಉದ್ದಕ್ಕೂ ಹೊಳೆಯುವ ಗೆರೆ ಕಂಡರೆ ಸಂಶಯ ಮುಗಿಯಿತು.

ಚೌಕಟ್ಟೇ ಅಲುಗುತ್ತಿದ್ದರೆ

ಮೇಲಿನ ಒಂದು ಮೂಲೆ ಹಿಡಿದು ಮೆಲ್ಲಗೆ ಅಲುಗಿಸಿ. ಜೋಡಣೆ ಸಡಿಲವಾಗಿದ್ದರೆ ಮರದ ಮೊಳೆಯ ತಲೆ ನೋಡಿ. ಹಳೆಯ ಮೊಳೆಯನ್ನು ಕತ್ತಿಯಿಂದ ಹೆರೆದು ಮಾಡಿರುತ್ತಾರೆ. ಅದು ಗುಂಡಗಿರುವುದಿಲ್ಲ, ಮೂಲೆಮೂಲೆಯಾಗಿರುತ್ತದೆ. ಎಷ್ಟೋ ಕಡೆ ಚೌಕಟ್ಟಿನಿಂದ ಸ್ವಲ್ಪ ಹೊರಗೆ ಎದ್ದಿರುತ್ತದೆ. ಚೌಕಟ್ಟಿನ ದಪ್ಪ ಕುಗ್ಗಿದೆ, ಮೊಳೆಯ ಉದ್ದ ಕುಗ್ಗಿಲ್ಲ, ಅಷ್ಟೇ. ಅದನ್ನು ಸುತ್ತಿಗೆಯಿಂದ ಒಳಗೆ ಬಡಿಯಬೇಡಿ, ಮರಳು ಕಾಗದ ಹಾಕಿ ಸಮ ಮಾಡಬೇಡಿ. ಪೂರ್ತಿ ಗುಂಡಗಿದ್ದು ಮೇಲ್ಮೈಗೆ ಸಮವಾಗಿ ಕೂತಿದ್ದರೆ ಹೆಚ್ಚಾಗಿ ಅದು ಆಮೇಲೆ ಅಂಟು ಹಾಕಿ ತುರುಕಿದ ಕಡ್ಡಿ. ಜೋಡಣೆ ಸಡಿಲಾಗಲು ಅದೇ ಕಾರಣವಿರಬಹುದು.

ಮುಚ್ಚಳ

ಮುಚ್ಚಳ ಸೀಳಿದ್ದರೆ ಎರಡು ತುದಿಯ ಅಡ್ಡಪಟ್ಟಿಗಳನ್ನು ನೋಡಿ. ಕಥೆ ಅದೇ, ಪಟ್ಟಿ ಹಿಡಿದಿದೆ, ಹಲಗೆ ಕುಗ್ಗಿದೆ. ಆದರೆ ಇಲ್ಲಿ ಪಟ್ಟಿ ಮೂಲದ್ದೇ ಆಗಿರಬಹುದು. ಹಾಗಿದ್ದರೆ ಅದನ್ನು ಕೀಳುವ ಹಾಗಿಲ್ಲ. ಸೀಳನ್ನು ಒಪ್ಪಿಕೊಂಡು ಬಿಡುವುದೇ ಸರಿ.

ಹುಳುವಿನ ತೂತು

ತೂತು ಕಂಡ ಕೂಡಲೇ ಹೌಹಾರುವುದು ಬೇಡ. ಇಂಗ್ಲಿಷ್ ಮನೆಗಳ ಸಾಮಾನ್ಯ ಪೀಠೋಪಕರಣ ಜೀರುಂಡೆ ಹೊರಬರುವಾಗ ಒಂದೂವರೆ-ಎರಡು ಮಿಲಿಮೀಟರ್‌ನ ದುಂಡು ತೂತು ಮಾಡುತ್ತದೆ. ಡೆತ್‌ವಾಚ್ ಜೀರುಂಡೆಯ ತೂತು ಸುಮಾರು 3 ಮಿಲಿಮೀಟರ್. ಅದಕ್ಕೆ ತೇವ ಕುಡಿದು ಕೊಳೆತ ಓಕ್ ಇಷ್ಟ. ಪೀಠೋಪಕರಣಕ್ಕಿಂತ ಚಾವಣಿಯ ತೊಲೆಗಳಲ್ಲಿ ಜಾಸ್ತಿ. ಚಿಕ್ಕ ಜೀರುಂಡೆ ತಿನ್ನುವುದು ಹೆಚ್ಚಾಗಿ ತೊಗಟೆ ಪಕ್ಕದ ಬಿಳಿ ಮರವನ್ನು. ಓಕ್‌ನ ಚೇಗು, ಅಂದರೆ ಒಳಗಿನ ಗಟ್ಟಿ ಮರ, ಅದಕ್ಕೆ ಸುಲಭದ ತುತ್ತಲ್ಲ. ಹಾಗಾಗಿ ತೂತುಗಳು ಹಲಗೆಯ ಒಂದೇ ಅಂಚಿನಲ್ಲಿ ಗುಂಪಾಗಿರುತ್ತವೆ.

ಹುಳು ಈಗಲೂ ಬದುಕಿದೆಯೇ? ತೂತಿನ ಬಾಯಿ ಕಪ್ಪಗಿದ್ದರೆ ಹಳೆಯದು. ಒಳಗೆ ತಿಳಿ ಬಣ್ಣ ಇದ್ದು, ಬೆರಳಲ್ಲಿ ಉಜ್ಜಿದರೆ ಸಣ್ಣ ಮರಳಿನಂತೆ ತಾಗುವ ಪುಡಿ ಬೀಳುತ್ತಿದ್ದರೆ ಅನುಮಾನಿಸಿ. ಆದರೆ ಪೆಟ್ಟಿಗೆ ಸಾಗಿಸುವಾಗ ಹಳೆಯ ತೂತಿನಿಂದಲೂ ಪುಡಿ ಉದುರುತ್ತದೆ. ಕೆಳಗೆ ಕಪ್ಪು ಕಾಗದ ಹಾಸಿ, ಮೇ ತಿಂಗಳಿಂದ ಆಗಸ್ಟ್‌ವರೆಗೆ ಪೆಟ್ಟಿಗೆ ಅಲುಗಿಸದೆ ನೋಡಿ. ಜೀರುಂಡೆ ಹೊರಬರುವ ಕಾಲ ಅದು. ಹೊಸ ಪುಡಿ ಬಿದ್ದರೆ ಮಾತ್ರ ಚಿಕಿತ್ಸೆ. ಮ್ಯೂಸಿಯಂಗಳು ಔಷಧಿಗಿಂತ ಶೈತ್ಯವನ್ನು ನೆಚ್ಚಿಕೊಳ್ಳುತ್ತವೆ. ಪ್ಲಾಸ್ಟಿಕ್‌ನಲ್ಲಿ ಗಾಳಿಯಾಡದಂತೆ ಸುತ್ತಿ, ಮೈನಸ್ 30 ಡಿಗ್ರಿಯಲ್ಲಿ ಮೂರು ದಿನ ಇಡುತ್ತಾರೆ. ಮನೆಯ ಫ್ರಿಜ್ಜಿನಲ್ಲಿ ಆಗುವ ಕೆಲಸ ಅಲ್ಲ.

ಹುಳುವಿನಿಂದ ಒಂದು ಉಪಕಾರವೂ ಇದೆ. ಮರದ ಮೇಲ್ಮೈಯಲ್ಲಿ ಜೀರುಂಡೆ ಮಾಡುವುದು ಬರೀ ದುಂಡು ತೂತು. ಸುರಂಗ ಒಳಗಡೆ ಇರುತ್ತದೆ. ಕೆತ್ತನೆಯ ಹಳ್ಳದೊಳಗೆ ಉದ್ದುದ್ದ ಸುರಂಗಗಳು ಅರ್ಧ ತೆರೆದುಕೊಂಡು ಕಾಣುತ್ತಿದ್ದರೆ, ಹುಳು ತಿಂದ ಮೇಲೆ ಯಾರೋ ಅಲ್ಲಿ ಉಳಿ ಆಡಿಸಿದ್ದಾರೆ. ಸಾದಾ ಪೆಟ್ಟಿಗೆಗಳಿಗೆ ವಿಕ್ಟೋರಿಯಾ ಕಾಲದಲ್ಲಿ ಹೊಸದಾಗಿ ಕೆತ್ತನೆ ಮಾಡಿ ಬೆಲೆ ಏರಿಸಿದ್ದು ಉಂಟು. ಮೂಲ ಕೆತ್ತನೆಯಲ್ಲಿ ಕೈವಾರದ ಸೂಜಿ ಚುಚ್ಚಿದ ಚುಕ್ಕಿ, ಗೆರೆ ಎಳೆದ ಗುರುತು ಹಾಗೇ ಉಳಿದಿರುತ್ತವೆ. ಅರ್ಧಚಂದ್ರದ ಸಾಲಿನಲ್ಲಿ ಕೊನೆಯದು ಜಾಗ ಸಾಲದೆ ಕೊಂಚ ಒತ್ತಿಕೊಂಡಿರುತ್ತದೆ. ನನಗೆ ಈ ಕೊನೆಯ ಇಕ್ಕಟ್ಟಿನ ಚಂದ್ರ ಕಂಡರೆ ಖುಷಿ.

ಕಪ್ಪು ಕಲೆ

ಬೀಗದ ಸುತ್ತ, ಮೊಳೆಯ ಸುತ್ತ ನೀಲಿಗಪ್ಪು ಹಬ್ಬಿದ್ದರೆ ಅದು ಬೂಷ್ಟಲ್ಲ. ಓಕ್‌ನಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ, ಕಬ್ಬಿಣ, ನೀರು ಮೂರೂ ಸೇರಿ ಆದ ಮಸಿ. ಹಳೆ ಕಾಲದಲ್ಲಿ ಬರೆಯುವ ಮಸಿಯನ್ನೂ ಇದೇ ರಸಾಯನದಿಂದ ಮಾಡುತ್ತಿದ್ದರು. ಕಲೆ ಹಳೆಯದಾದರೆ ಹಾಗೇ ಇರಲಿ. ಈಚೆಗೆ ಹರಡುತ್ತಿದ್ದರೆ ನೀರು ಎಲ್ಲಿಂದ ಬರುತ್ತಿದೆ ನೋಡಿ. ಎಷ್ಟೋ ಸಲ ಮೇಲಿಟ್ಟ ಹೂಕುಂಡವೇ ಕಾರಣ. ಸ್ಟೀಲ್ ವೂಲ್ ಹಾಕಿ ಉಜ್ಜಿದರೆ ಅದರ ಚೂರುಗಳು ಮರದೊಳಗೆ ಉಳಿದು ಇನ್ನಷ್ಟು ಕಲೆ ತರುತ್ತವೆ.

ಈಗ ಅಂಟಿನ ಮಾತು

ಮೊದಲು ಕಟ್ಟು ಬಿಡಿಸಿ. ಅಡ್ಡಪಟ್ಟಿಯನ್ನು ಹಿಂಬದಿಯಿಂದ ಬಿಚ್ಚಬೇಕು, ಮೊಳೆ ಒಂದೊಂದಾಗಿ ತೆಗೆಯಬೇಕು. ಮರವಜ್ರವಾದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಟ್ಟರೆ ಮೆತ್ತಗಾಗುತ್ತದೆ. ಎಪಾಕ್ಸಿ ಎಂಬ ಈಗಿನ ರಾಸಾಯನಿಕ ಅಂಟು ಆಗಿದ್ದರೆ ನೀವು ಮುಟ್ಟಬೇಡಿ, ಕಸುಬಿನವರಿಗೆ ಕೊಡಿ. ಆಮೇಲೆ ಪೆಟ್ಟಿಗೆಯನ್ನು ಶೇ. 50ರಿಂದ 60ರಷ್ಟು ತೇವಾಂಶ ಇರುವ ಕೋಣೆಯಲ್ಲಿ ಕೆಲವು ವಾರ ಹಾಗೇ ಬಿಡಿ. ಎಷ್ಟೋ ಬಿರುಕು ಅರ್ಧದಷ್ಟು ತಾನೇ ಕೂಡಿಕೊಳ್ಳುತ್ತದೆ.

ಮಿಕ್ಕಿದ್ದನ್ನು ಕೂಡಿಸಲು ಚೌಕಟ್ಟು ಬಿಚ್ಚಬೇಕಾಗಿಲ್ಲ. ಅಂಚಿನ ಸಂದಿಗೆ ತೆಳ್ಳನೆಯ ಮರದ ಬೆಣೆ ಕೊಟ್ಟು ನಿಧಾನ ತಳ್ಳಿದರೆ ಎರಡು ತುಂಡೂ ಹತ್ತಿರ ಬರುತ್ತವೆ. ಬೆರಳಿನ ಒತ್ತಡದಲ್ಲಿ ಮುಖಕ್ಕೆ ಮುಖ ಕೂತರೆ ಮಾತ್ರ ಅಂಟು, ಅದೂ ಮರವಜ್ರ ಅಥವಾ ಮೀನಿನ ಅಂಟು. ಮುಂದೆ ಯಾರಿಗಾದರೂ ಬಿಚ್ಚಬೇಕಾದರೆ ಬಿಚ್ಚಲು ಬರಬೇಕು. ಒಂದು ಹನಿಯೂ ತೋಡಿಗೆ ಇಳಿಯದ ಹಾಗೆ ಮೇಲೆ ಕೆಳಗೆ ಮೇಣದ ಕಾಗದ ಇಡಿ. ಬಲವಂತ ಮಾಡಿದರೆ ಮಾತ್ರ ಕೂರುತ್ತದೆ ಅಂತಾದರೆ ಅಂಟು ಬೇಡ. ಕಣ್ಣಿಗೆ ಚುಚ್ಚುತ್ತದೆ ಅನ್ನಿಸಿದರೆ ಬಣ್ಣ ಬೆರೆಸಿದ ಮೆತ್ತನೆ ಮೇಣ ತುಂಬಿ. ಮರ ಹಿಗ್ಗಿದಾಗ ಅದು ಹೊರಗೆ ಬರುತ್ತದೆ, ಒರೆಸಿದರೆ ಆಯಿತು. ಅಗಸೆ ಎಣ್ಣೆ ಕುಡಿಸಿದರೆ ಮರಕ್ಕೆ ಜೀವ ಬರುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದು ಅಂಟಂಟಾಗಿ ಧೂಳು ಹಿಡಿದು ಕಪ್ಪಾಗುತ್ತದೆ, ಕುಗ್ಗುವುದನ್ನು ತಡೆಯುವುದೂ ಇಲ್ಲ. ವರ್ಷಕ್ಕೊಮ್ಮೆ ತೆಳುವಾಗಿ ಜೇನುಮೇಣ ಸಾಕು.

ಉಜ್ಜಿ ಹೊಸದು ಮಾಡುವ ಆಸೆ ಬಂದರೆ ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಗಿ ವೇರ್ ಊರಿನ ದೊಡ್ಡ ಮಂಚ ನೋಡಿ ಬನ್ನಿ. 1590ರ ಸುಮಾರಿನ ಓಕ್ ಕೆತ್ತನೆ, ಮೂರು ಮೀಟರಿಗೂ ಮಿಕ್ಕಿದ ಅಗಲ. ಛತ್ರದಲ್ಲಿ ತಂಗಿದವರು ಕೆತ್ತಿದ ಹೆಸರಿನ ಅಕ್ಷರಗಳು, ಒತ್ತಿದ ಅರಗಿನ ಮುದ್ರೆಗಳು ಅದರ ಮೇಲೆ ಇನ್ನೂ ಇವೆ. ಯಾರೂ ಅಳಿಸಿಲ್ಲ.

ಇನ್ನು ಪೆಟ್ಟಿಗೆ ಇಡುವ ಜಾಗ. ರೇಡಿಯೇಟರ್‌ಗೆ ಒತ್ತಿ ಇಡಬೇಡಿ, ನೆಲದಡಿ ಹೀಟಿಂಗ್ ಇದ್ದರೆ ಆ ಕೋಣೆಯೇ ಬೇಡ. ಹತ್ತಿರ ಗಾಳಿಯ ತೇವಾಂಶ ಅಳೆಯುವ ಒಂದು ಅಗ್ಗದ ಹೈಗ್ರೋಮೀಟರ್ ಇಟ್ಟು, ಜನವರಿಯಲ್ಲಿ ಅದು ಶೇ. 40ಕ್ಕಿಂತ ಕೆಳಗಿಳಿದರೆ ಹೀಟರನ್ನು ಒಂದೆರಡು ಡಿಗ್ರಿ ತಗ್ಗಿಸಿ.

ಊರಿಗೆ ವಾಪಸ್ಸಾಗುವಾಗ ಪೆಟ್ಟಿಗೆಯನ್ನೂ ಬೆಂಗಳೂರಿಗೆ ಒಯ್ಯುವವರಿಗೆ ಇನ್ನೊಂದು ಮಾತು. ಅಲ್ಲಿ ಹೀಟರ್ ಕಾಟವಿಲ್ಲ, ಆದರೆ ಮಳೆಗಾಲಕ್ಕೂ ಫೆಬ್ರವರಿ-ಮಾರ್ಚ್‌ನ ಒಣ ಮಧ್ಯಾಹ್ನಕ್ಕೂ ಅಂತರ ದೊಡ್ಡದು. ಹಡಗಿನಿಂದ ಇಳಿದ ಪೆಟ್ಟಿಗೆಯ ಸುತ್ತು ಒಂದೇ ದಿನಕ್ಕೆ ಬಿಚ್ಚಬೇಡಿ, ವಾರ ವಾರ ಒಂದೊಂದು ಪದರ ತೆಗೆಯಿರಿ. ಜೂನ್‌ನಲ್ಲಿ ಬಂದ ಪೆಟ್ಟಿಗೆ ಆರೇಳು ತಿಂಗಳು ಚೆನ್ನಾಗೇ ಇರುತ್ತದೆ, ಪರೀಕ್ಷೆ ಫೆಬ್ರವರಿಯಲ್ಲಿ. ಅದಕ್ಕೆ ಮೊದಲೇ ಹಲಗೆಗಳ ಬೆನ್ನು ನೋಡಿ, ಅಡ್ಡಪಟ್ಟಿ ಇದ್ದರೆ ಬಿಚ್ಚಿಸಿಬಿಡಿ.